ಗಂಡನ ಮನೆ, ತನ್ನ ಮನೆ

ಕನ್ನಡ ಕಾದಂಬರಿಯ ಚರಿತ್ರೆಯನ್ನು ಓದಿದವರಿಗೆಲ್ಲ 1899ನೆಯ ಇಸವಿ ಪರಿಚಿತವಾದದ್ದು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು ಆ ವರ್ಷ. ಎಳೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡ ಹುಡುಗಿಯೊಬ್ಬಳು ತವರಿನ ಕಟ್ಟಿನಿಂದ ಹೊರಬಿದ್ದು, ವಿದ್ಯೆ ಕಲಿತು, ಸುಶಿಕ್ಷಿತನಾದ ತರುಣನೊಬ್ಬನನ್ನು ಕೈಹಿಡಿಯುವ ಕಥೆ ಅದು. ಅದೇ ವರ್ಷದ ಏಪ್ರಿಲ್ 22ರಂದು ಅಮೆರಿಕದ ಷಿಕಾಗೋ ನಗರದಲ್ಲಿ ಇನ್ನೊಂದು ಕಾದಂಬರಿ ಪ್ರಕಟವಾಯಿತು. ಅದರ ಹೆಸರು ‘ದಿ ಅವೇಕನಿಂಗ್’. ಕನ್ನಡದಲ್ಲಿ ‘ಎಚ್ಚರ’ ಎನ್ನಬಹುದು. ಬರೆದವಳು ಕೇಟ್ ಶೋಪಿನ್ ಎಂಬ ನಲವತ್ತೊಂಬತ್ತು ವರ್ಷದ ವಿಧವೆ, ಆರು ಮಕ್ಕಳ ತಾಯಿ.

ಈ ಎರಡು ಪುಸ್ತಕಗಳಿಗೆ ಪರಸ್ಪರ ಗುರುತಿಲ್ಲ. ಒಂದರ ಪ್ರಭಾವ ಇನ್ನೊಂದರ ಮೇಲೆ ಆಗುವ ಸಂಭವವೂ ಇರಲಿಲ್ಲ. ಆದರೂ ಮೊದಲನೆಯದನ್ನು ತರಗತಿಯಲ್ಲಿ ಅನೇಕ ವರ್ಷ ಪಾಠ ಹೇಳಿ, ಆಮೇಲೆ ಎರಡನೆಯದನ್ನು ಓದಿದ ನನಗೆ ಒಂದು ವಿಷಯ ಎದ್ದು ಕಂಡಿತು. ನಮ್ಮ ಕಾದಂಬರಿಯಲ್ಲಿ ಹೆಣ್ಣಿನ ಬಿಡುಗಡೆ ಮದುವೆಯಲ್ಲಿ ಮುಗಿಯುತ್ತದೆ. ಅವರ ಕಾದಂಬರಿಯಲ್ಲಿ ಬಿಡುಗಡೆಯ ಪ್ರಶ್ನೆ ಮದುವೆಯಾದ ಮೇಲೆ ಹುಟ್ಟುತ್ತದೆ. ಇದು ಬರಿಯ ಸಾಹಿತ್ಯಾಭಿರುಚಿಯ ಭೇದವಲ್ಲ. ಅಂದಿನ ಮಂಗಳೂರಿನಲ್ಲಿ ಎಲ್ಲರಿಗಿಂತ ಕಟ್ಟಿಗೆ ಒಳಗಾದವಳು ವಿಧವೆ. ಅಂದಿನ ಲೂಸಿಯಾನದಲ್ಲಿ, ಕಾನೂನಿನ ಕಣ್ಣಿನಲ್ಲಿ, ವಿಧವೆ ಸ್ವತಂತ್ರಳು, ಗೃಹಿಣಿಯೇ ಪರತಂತ್ರಳು. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಕೇಟ್ ಶೋಪಿನ್‌ಳ ಬಾಳೂ ಅವಳ ಕಾದಂಬರಿಯೂ ಎರಡೂ ಅರ್ಥವಾಗುತ್ತವೆ.

ಲೂಸಿಯಾನ ಅಮೆರಿಕದ ಇತರ ಸಂಸ್ಥಾನಗಳಂತಲ್ಲ. ಮೊದಲು ಫ್ರೆಂಚರ, ನಡುವೆ ಸ್ಪೇನಿನವರ ಆಳ್ವಿಕೆಗೆ ಒಳಪಟ್ಟಿದ್ದ ಆ ನಾಡನ್ನು ಅಮೆರಿಕ ಸರ್ಕಾರ 1803ರಲ್ಲಿ ನೆಪೋಲಿಯನ್ನನಿಂದ ಕ್ರಯಕ್ಕೆ ಪಡೆಯಿತು. ಅಲ್ಲಿನ ಹಳೆಯ ಫ್ರೆಂಚ್ ಮತ್ತು ಸ್ಪ್ಯಾನಿಷ್ ಮನೆತನಗಳವರಿಗೆ ಕ್ರಿಯೋಲರು ಎಂದು ಹೆಸರು. ಅವರ ಮತ ಕೆಥೊಲಿಕ್, ಮನೆಮಾತು ಫ್ರೆಂಚ್, ಊಟ ಉಡುಪು ಹಬ್ಬ ಎಲ್ಲವೂ ಬೇರೆ. ಕಾನೂನೂ ಬೇರೆ. ಇತರ ಸಂಸ್ಥಾನಗಳು ಇಂಗ್ಲೆಂಡಿನ ನ್ಯಾಯಪದ್ಧತಿಯನ್ನು ಅನುಸರಿಸಿದರೆ, ಲೂಸಿಯಾನ ಯೂರೋಪ್ ಖಂಡದ ಮಾದರಿಯ ಸಂಹಿತೆಯನ್ನು ಉಳಿಸಿಕೊಂಡಿತು.

ಆ ಸಂಹಿತೆಯ 1870ರ ಆವೃತ್ತಿಯಲ್ಲಿ, ಕರಾರು ಮಾಡಿಕೊಳ್ಳಲು ಅರ್ಹತೆಯಿಲ್ಲದವರ ಪಟ್ಟಿಯೊಂದು ಬರುತ್ತದೆ. ಅಪ್ರಾಪ್ತ ವಯಸ್ಕರು, ಬುದ್ಧಿಭ್ರಮಣೆಯುಳ್ಳವರು, ಅವರ ಜೊತೆಯಲ್ಲಿಯೇ ಮದುವೆಯಾದ ಹೆಂಗಸರು. ದಂಪತಿಗಳು ಮದುವೆಯ ನಂತರ ಸಂಪಾದಿಸಿದ್ದೆಲ್ಲ ಇಬ್ಬರಿಗೂ ಸೇರಿದ ಆಸ್ತಿ ಎಂದು ಹೇಳಿದ ಕಾನೂನೇ, ಅದರ ಯಜಮಾನಿಕೆಯನ್ನು ಗಂಡನೊಬ್ಬನಿಗೆ ವಹಿಸಿಕೊಟ್ಟಿತು. ಹೆಂಡತಿ ದುಡಿದು ತಂದ ಹಣವೂ ಆ ಯಜಮಾನಿಕೆಗೇ ಸೇರುತ್ತಿತ್ತು. ನಡತೆಯ ವಿಷಯದಲ್ಲಿಯೂ ತಕ್ಕಡಿ ಸಮನಾಗಿರಲಿಲ್ಲ. ಹೆಂಡತಿ ತಪ್ಪಿ ನಡೆದರೆ ಗಂಡ ಬೇರೆಯಾಗಬಹುದು. ಗಂಡ ತಪ್ಪಿ ನಡೆದರೆ, ಇಟ್ಟುಕೊಂಡವಳನ್ನು ಅವನು ಮನೆಯೊಳಗೇ ತಂದಿಟ್ಟಿರಬೇಕು ಇಲ್ಲವೆ ಊರಿಗೆಲ್ಲ ತಿಳಿಯುವಂತೆ ಬೇರೆಡೆ ಇಟ್ಟಿರಬೇಕು, ಆಗ ಮಾತ್ರ ಹೆಂಡತಿಗೆ ನ್ಯಾಯಾಲಯದ ಬಾಗಿಲು ತೆರೆಯುತ್ತಿತ್ತು.

ಆದರೆ ಅದೇ ಸಂಹಿತೆಯಲ್ಲಿ ಒಂದು ಕಿಂಡಿಯೂ ಇತ್ತು. ಹೆಣ್ಣಿಗೆ ತನ್ನ ತವರಿನ ಕಡೆಯಿಂದ ಬಂದು, ವರದಕ್ಷಿಣೆಯ ಲೆಕ್ಕಕ್ಕೆ ಸೇರದ ಸ್ವತ್ತನ್ನು ಅವಳೇ ನೋಡಿಕೊಳ್ಳಬಹುದಾಗಿತ್ತು. ನಮ್ಮ ಧರ್ಮಶಾಸ್ತ್ರಗಳ ಸ್ತ್ರೀಧನವನ್ನು ಇದಕ್ಕೆ ಹೋಲಿಸಬಹುದು. ಈ ಕಿಂಡಿಯನ್ನು ಓದುಗರು ನೆನಪಿನಲ್ಲಿಡಬೇಕು. ಕಾದಂಬರಿಯ ನಾಯಿಕೆ ಹೊರಗೆ ಬರುವುದು ಇದರ ಮೂಲಕವೇ.

ಇನ್ನು ಲೇಖಕಿಯ ವಿಷಯ. ಕೇಟ್ ಓ’ಫ್ಲಾಹರ್ಟಿ 1850ರಲ್ಲಿ ಮಿಸೌರಿ ಸಂಸ್ಥಾನದ ಸೇಂಟ್ ಲೂಯಿಸ್ ನಗರದಲ್ಲಿ ಹುಟ್ಟಿದಳು. ತಂದೆ ಐರ್ಲೆಂಡಿನಿಂದ ಬಂದು ವ್ಯಾಪಾರದಲ್ಲಿ ಮುಂದೆ ಬಂದವನು. ತಾಯಿಯ ಕಡೆಯವರು ಫ್ರೆಂಚ್ ಮೂಲದವರು. 1855ರಲ್ಲಿ ಹೊಸ ರೈಲುದಾರಿಯ ಪ್ರಾರಂಭೋತ್ಸವಕ್ಕೆ ಹೊರಟ ಬಂಡಿ ಸೇತುವೆ ಮುರಿದು ನದಿಗೆ ಬಿದ್ದಾಗ ತಂದೆ ತೀರಿಕೊಂಡ. ಅಲ್ಲಿಂದ ಮುಂದೆ ಆ ಹುಡುಗಿ ಬೆಳೆದದ್ದು ತಾಯಿ, ಅಜ್ಜಿ, ಮುತ್ತಜ್ಜಿ, ಹೀಗೆ ಮೂರು ತಲೆಮಾರಿನ ವಿಧವೆಯರ ಮನೆಯಲ್ಲಿ. ಫ್ರೆಂಚ್ ಮಾತು, ಪಿಯಾನೋ, ಊರಿನ ಹಳೆಯ ಹೆಂಗಸರ ಕಥೆಗಳು, ಎಲ್ಲವೂ ಮುತ್ತಜ್ಜಿಯಿಂದ ಬಂದವು. ಮನೆಯ ಲೆಕ್ಕಪತ್ರ ನೋಡಿ, ತಮ್ಮ ನಿರ್ಧಾರಗಳನ್ನು ತಾವೇ ಮಾಡುವ ಹೆಂಗಸರನ್ನು ಆಕೆ ಬಾಲ್ಯದಿಂದಲೇ ಕಂಡಳು. ಅವರಿಗೆ ಆ ಅಧಿಕಾರ ಬಂದದ್ದು ಗಂಡಂದಿರು ಇಲ್ಲವಾದದ್ದರಿಂದ ಎಂಬುದೂ ಆ ಚುರುಕು ಹುಡುಗಿಗೆ ತಿಳಿಯದೆ ಹೋಗಿರಲಾರದು.

1870ರಲ್ಲಿ ಆಸ್ಕರ್ ಶೋಪಿನ್ ಎಂಬ ಲೂಸಿಯಾನದ ಕ್ರಿಯೋಲ್ ತರುಣನನ್ನು ಮದುವೆಯಾಗಿ ಆಕೆ ನ್ಯೂ ಆರ್ಲಿಯನ್ಸ್ ನಗರಕ್ಕೆ ಬಂದಳು. ಆಸ್ಕರ್ ಹತ್ತಿಯ ದಲ್ಲಾಳಿ. ವ್ಯಾಪಾರ ಇಳಿಮುಖವಾಗಿ 1879ರಲ್ಲಿ ಸಂಸಾರ ಕ್ಲೂಟಿಯರ್‌ವಿಲ್ ಎಂಬ ಸಣ್ಣ ಹಳ್ಳಿಗೆ ಬಂದು, ಅಲ್ಲಿ ಒಂದು ಅಂಗಡಿ ಇಟ್ಟುಕೊಂಡಿತು. 1882ರ ಡಿಸೆಂಬರಿನಲ್ಲಿ ಆಸ್ಕರ್ ಜ್ವರದಿಂದ ತೀರಿಕೊಂಡ. ಐದು ಗಂಡು, ಒಂದು ಹೆಣ್ಣು ಮಕ್ಕಳು, ಅವರ ಜೊತೆಗೆ ಸುಮಾರು 12,000 ಡಾಲರು ಸಾಲ ಅವಳ ಪಾಲಿಗೆ ಬಂದವು. ತಾನು ಹೆತ್ತ ಮಕ್ಕಳಿಗೆ ತಾನೇ ಪಾಲಕಳೆಂದು ನ್ಯಾಯಾಲಯದಿಂದ ಒಪ್ಪಿಗೆ ಪಡೆಯಬೇಕಾಯಿತು. ಮೂವತ್ತೆರಡು ವರ್ಷದ ಆ ಹೆಂಗಸು ಅಂಗಡಿಯನ್ನೂ ಜಮೀನನ್ನೂ ತಾನೇ ನಡೆಸಿದಳು. ಕಡತಗಳಿಗೆ ತಾನೇ ರುಜು ಹಾಕಿದಳು. ಗಂಡ ಬದುಕಿದ್ದಾಗ ಅವನ ಒಪ್ಪಿಗೆಯಿಲ್ಲದೆ ನಡೆಯದಿದ್ದ ರುಜು ಈಗ ಅಬಾಧಿತವಾಗಿ ನಡೆಯಿತು. 1884ರಲ್ಲಿ ಆಕೆ ಸೇಂಟ್ ಲೂಯಿಸಿಗೆ ಹಿಂದಿರುಗಿ, ಅಲ್ಲಿ ಲೇಖನಿ ಹಿಡಿದಳು. ಮೊದಲ ಕಾದಂಬರಿ 1890ರಲ್ಲಿ ಸ್ವಂತ ಖರ್ಚಿನಲ್ಲಿ ಅಚ್ಚಾಯಿತು. 1894ರಲ್ಲಿ ಬಂದ ಕಥಾಸಂಗ್ರಹದಿಂದ ಹೆಸರು ಬಂತು.

ಆ 1894ರಲ್ಲಿಯೇ ಆಕೆ ಒಂದು ಪುಟ್ಟ ಕಥೆ ಬರೆದಳು. ‘ಒಂದು ಗಂಟೆಯ ಕಥೆ’ ಎಂದು ಅದು ಪ್ರಸಿದ್ಧವಾಗಿದೆ. ರೈಲು ಅಪಘಾತದಲ್ಲಿ ಗಂಡ ಸತ್ತನೆಂಬ ಸುದ್ದಿ ಕೇಳಿ ಹೆಂಡತಿ ಅಳುತ್ತಾಳೆ. ಕೋಣೆಯೊಳಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಕಿಟಕಿಯ ಬಳಿ ಕೂಡುತ್ತಾಳೆ. ಗಂಡ ಕೆಟ್ಟವನಲ್ಲ, ಪ್ರೀತಿಯುಳ್ಳವನೇ. ಆದರೂ ಇನ್ನು ಮುಂದಿನ ದಿನಗಳೆಲ್ಲ ತನ್ನವು ಎಂಬ ಒಂದು ಭಾವ, ಅವಳು ತಡೆದರೂ ಕೇಳದೆ, ಅವಳಲ್ಲಿ ತುಂಬಿಕೊಳ್ಳುತ್ತದೆ. ಅಷ್ಟರಲ್ಲಿ ಬಾಗಿಲು ತೆರೆದು ಗಂಡ ಒಳಗೆ ಬರುತ್ತಾನೆ. ಅವನು ಆ ರೈಲಿನಲ್ಲಿರಲೇ ಇಲ್ಲ. ಹೆಂಡತಿ ಅಲ್ಲಿಯೇ ಬಿದ್ದು ಸಾಯುತ್ತಾಳೆ. ಗಂಡನಿಗೆ ಕೇಡು ಬಯಸಿದ ಹೆಂಗಸಿನ ಕಥೆಯೆಂದು ಇದನ್ನು ಓದಿದರೆ ತಪ್ಪಾಗುತ್ತದೆ. ಹೆಣ್ಣಿಗೆ ಸ್ವಾತಂತ್ರ್ಯ ಸಿಗಲು ಸಾವೊಂದೇ ಬಾಗಿಲಾಗಿದ್ದ ವ್ಯವಸ್ಥೆಯ ಕಥೆ ಇದು. ‘ಎಚ್ಚರ’ದ ಬೀಜ ಇಲ್ಲಿದೆ. ಗಂಡ ಸಾಯದೆ, ಹೆಂಡತಿಯಾಗಿದ್ದುಕೊಂಡೇ, ಹೆಣ್ಣು ತಾನು ತಾನಾಗಿ ಬಾಳಬಲ್ಲಳೆ? ಕಾದಂಬರಿ ಎತ್ತಿಕೊಂಡ ಪ್ರಶ್ನೆ ಇದು.

ಕಥೆ ಆರಂಭವಾಗುವುದು ಮೆಕ್ಸಿಕೋ ಕೊಲ್ಲಿಯ ದಂಡೆಯ ಗ್ರಾಂಡ್ ಐಲ್ ಎಂಬ ದ್ವೀಪದಲ್ಲಿ. ನ್ಯೂ ಆರ್ಲಿಯನ್ಸಿನ ಅನುಕೂಲಸ್ಥರು ಬೇಸಿಗೆ ಕಳೆಯಲು ಹೆಂಡಿರು ಮಕ್ಕಳನ್ನು ಕಳುಹಿಸುತ್ತಿದ್ದ ಸ್ಥಳ ಅದು. ಗಂಡಂದಿರು ವಾರದ ಕೊನೆಗೆ ಬಂದುಹೋಗುವರು. 1893ರ ಅಕ್ಟೋಬರಿನಲ್ಲಿ ಬೀಸಿದ ಬಿರುಗಾಳಿಗೆ ಆ ಕರಾವಳಿಯಲ್ಲಿ ಸುಮಾರು 2,000 ಜನ ಸತ್ತರು. ದ್ವೀಪದ ವಿಹಾರಜೀವನವೂ ಅದರೊಡನೆ ಕೊಚ್ಚಿಹೋಯಿತು. ಆಕೆ ಕಾದಂಬರಿಯನ್ನು ಬರೆದದ್ದು 1897-98ರಲ್ಲಿ. ಎಂದರೆ ಆಗಲೇ ಇಲ್ಲವಾಗಿದ್ದ ಲೋಕವೊಂದನ್ನು ಆಕೆ ನೆನಪಿನಿಂದ ಕಟ್ಟಿದಳು.

ನಾಯಿಕೆ ಎಡ್ನಾ ಪಾಂಟೆಲಿಯೇಗೆ ಇಪ್ಪತ್ತೆಂಟು ವರ್ಷ. ಇಬ್ಬರು ಗಂಡುಮಕ್ಕಳು. ಅವಳು ಕ್ರಿಯೋಲಳಲ್ಲ, ಕೆಂಟಕಿಯ ಪ್ರೊಟೆಸ್ಟೆಂಟ್ ಮನೆತನದವಳು. ಗಂಡ ಲಿಯೋನ್ಸ್ ನಲವತ್ತು ವರ್ಷದ ವ್ಯಾಪಾರಿ. ಕುಡುಕನಲ್ಲ, ಹೊಡೆಯುವವನಲ್ಲ, ಜಿಪುಣನೂ ಅಲ್ಲ. ಲೇಖಕಿಯ ಜಾಣ್ಮೆ ಇಲ್ಲಿದೆ. ಗಂಡನನ್ನು ರಾಕ್ಷಸನನ್ನಾಗಿ ಮಾಡಿದ್ದರೆ ಕಥೆ ಸುಲಭವಾಗುತ್ತಿತ್ತು, ಓದುಗರೂ ಕಣ್ಣೀರು ಸುರಿಸುತ್ತಿದ್ದರು. ಆಕೆ ಹಾಗೆ ಮಾಡಲಿಲ್ಲ. ಒಂದು ರಾತ್ರಿ ಹನ್ನೊಂದು ಗಂಟೆಗೆ ಹೊಟೆಲಿನಿಂದ ಉಲ್ಲಾಸವಾಗಿ ಬಂದ ಲಿಯೋನ್ಸ್, ನಿದ್ದೆ ಹೋದ ಹೆಂಡತಿ ತನ್ನ ಮಾತಿಗೆ ಕಿವಿಗೊಡಲಿಲ್ಲವೆಂದು ಬೇಸರಗೊಳ್ಳುತ್ತಾನೆ. ಮಗುವಿಗೆ ಜ್ವರ, ನಿನಗೆ ಮಕ್ಕಳ ಮೇಲೆ ಗಮನವಿಲ್ಲ ಎಂದು ಗದರುತ್ತಾನೆ. ಮಗುವಿಗೆ ಜ್ವರವೇನೂ ಇಲ್ಲ. ಅವನು ಚುರುಟು ಸೇದಿ ಮಲಗಿ ನಿದ್ದೆ ಹೋದ ಮೇಲೆ ಎಡ್ನಾ ಜಗಲಿಗೆ ಬಂದು, ಏಕೆಂದು ತನಗೇ ತಿಳಿಯದೆ, ಅಳುತ್ತಾ ಕೂಡುತ್ತಾಳೆ. ಕೆಲವು ದಿನಗಳಲ್ಲಿ ಪಟ್ಟಣದಿಂದ ಅವನು ಹಣ್ಣು, ಮಿಠಾಯಿ ತುಂಬಿದ ಪೆಟ್ಟಿಗೆ ಕಳುಹಿಸುತ್ತಾನೆ. ತಿಂದ ಹೆಂಗಸರೆಲ್ಲ ಲೋಕದಲ್ಲಿ ಇಂಥ ಗಂಡನಿಲ್ಲವೆಂದು ಹೊಗಳುತ್ತಾರೆ. ಇವನಿಗಿಂತ ಒಳ್ಳೆಯವನನ್ನು ತಾನು ಕಾಣೆನೆಂದು ಎಡ್ನಾಳೂ ಒಪ್ಪಲೇಬೇಕಾಗುತ್ತದೆ. ಪುಟದ ಮೇಲೆ ನಗೆ, ಪುಟದ ಅಡಿಯಲ್ಲಿ ಕಣ್ಣೀರು. ಮಿಠಾಯಿಯ ಪೆಟ್ಟಿಗೆಗೆ ಎದುರು ಹೇಳುವ ಮಾತು ಅಂದಿನ ಹೆಣ್ಣಿಗೆ ಗೊತ್ತಿರಲಿಲ್ಲ.

ಎಚ್ಚರ ಮೂಡುವ ಬಗೆಯೂ ಗಮನಾರ್ಹವಾದದ್ದು. ಭಾಷಣ ಕೇಳಿಯಲ್ಲ, ಪುಸ್ತಕ ಓದಿಯೂ ಅಲ್ಲ. ಬೇಸಿಗೆಯೆಲ್ಲ ಎಷ್ಟು ಜನ ಹೇಳಿಕೊಟ್ಟರೂ ಬರದಿದ್ದ ಈಜು ಆಗಸ್ಟಿನ ಒಂದು ಬೆಳುದಿಂಗಳ ರಾತ್ರಿ ಅವಳಿಗೆ ತಟಕ್ಕನೆ ಬಂದುಬಿಡುತ್ತದೆ. ಮೊದಲ ಹೆಜ್ಜೆಯಿಟ್ಟ ಕೂಸಿನಂತೆ ಅವಳು ಹಿಗ್ಗುತ್ತಾಳೆ. ತನ್ನ ಮೈ ತನ್ನ ಮಾತು ಕೇಳುತ್ತದೆ ಎಂಬ ಅರಿವು ಅದು. ಅದೇ ರಾತ್ರಿ ಗಂಡ ಒಳಕ್ಕೆ ಬಾ ಎಂದು ಕರೆದಾಗ ಅವಳು ಹೊರಗಿನ ತೂಗುಮಂಚದಲ್ಲಿಯೇ ಮಲಗಿ, ಬರುವುದಿಲ್ಲ ಎನ್ನುತ್ತಾಳೆ. ಮದುವೆಯಾದಂದಿನಿಂದ ಅಂಥ ಅಪ್ಪಣೆಗೆ ಯೋಚಿಸದೆ ತಲೆಬಾಗಿದ್ದವಳಿಗೆ, ಹಾಗೆ ಏಕೆ ತಲೆಬಾಗಿದ್ದೆನೆಂದೇ ಈಗ ತಿಳಿಯದು.

ಪಟ್ಟಣಕ್ಕೆ ಹಿಂದಿರುಗಿದ ಮೇಲೆ ಈ ‘ಬರುವುದಿಲ್ಲ’ ಎಂಬುದು ದಿನದ ಬಾಳಿಗೆ ಇಳಿಯುತ್ತದೆ. ಎಸ್ಪ್ಲನೇಡ್ ಬೀದಿಯ ದೊಡ್ಡ ಮನೆಯಲ್ಲಿ ಪ್ರತಿ ಮಂಗಳವಾರ ಯಜಮಾನಿತಿ ಅತಿಥಿಗಳನ್ನು ಬರಮಾಡಿಕೊಳ್ಳಬೇಕು. ಅದು ಗಂಡನ ವ್ಯಾಪಾರಕ್ಕೆ ಬೇಕಾದ ಮರ್ಯಾದೆ. ಎಡ್ನಾ ಒಂದು ಮಂಗಳವಾರ ಹೇಳದೆ ಕೇಳದೆ ಹೊರಗೆ ಹೋಗುತ್ತಾಳೆ. ಲಿಯೋನ್ಸ್‌ಗೆ ದುಃಖವಾಗುವುದಿಲ್ಲ, ಲೆಕ್ಕ ತಪ್ಪಿತೆಂಬ ಗಾಬರಿಯಾಗುತ್ತದೆ. ಬಂದವರ ಚೀಟಿಗಳನ್ನು ನೋಡಿ, ಯಾರ ಹತ್ತಿರ ಎಷ್ಟು ಹಣವಿದೆ, ಯಾರನ್ನು ಕಡೆಗಣಿಸುವಂತಿಲ್ಲ ಎಂದು ಎಣಿಸುತ್ತಾನೆ. ಎಡ್ನಾ ಚಿತ್ರ ಬರೆಯಲು ತೊಡಗುತ್ತಾಳೆ. ಗಂಡ ವೈದ್ಯರ ಬಳಿಗೆ ಹೋಗಿ ಹೆಂಡತಿಗೆ ಏನೋ ಆಗಿದೆ ಎನ್ನುತ್ತಾನೆ. ಹೆಣ್ಣು ತನಗಾಗಿ ಒಂದು ಗಳಿಗೆ ಬೇಕೆಂದರೆ ಅದನ್ನು ರೋಗವೆಂದು ತಿಳಿಯುವ ಗಂಡಸರು ಆ ನಾಡಿನಲ್ಲಿ ಮಾತ್ರ ಇದ್ದರೆಂದು ಹೇಳಲಾಗದು.

ಗಂಡ ವ್ಯಾಪಾರಕ್ಕಾಗಿ ನ್ಯೂಯಾರ್ಕಿಗೆ, ಮಕ್ಕಳು ಅಜ್ಜಿಯ ಮನೆಗೆ ಹೋದಾಗ ಎಡ್ನಾ ಆ ದೊಡ್ಡ ಮನೆಯನ್ನು ಬಿಟ್ಟು, ಬೀದಿಯ ತಿರುವಿನಲ್ಲಿರುವ ನಾಲ್ಕು ಕೋಣೆಯ ಮನೆಯೊಂದನ್ನು ಬಾಡಿಗೆಗೆ ಹಿಡಿಯುತ್ತಾಳೆ. ಪಾರಿವಾಳದ ಗೂಡು ಎಂದು ಅದಕ್ಕೆ ಹೆಸರು ಬೀಳುತ್ತದೆ. ಕಾದಂಬರಿಯ ಹೃದಯ ಇದೇ ಎಂದು ನನ್ನ ನಂಬಿಕೆ. ಅನೇಕ ವಿಮರ್ಶಕರು ಎಡ್ನಾಳ ಪ್ರೇಮಪ್ರಸಂಗಗಳನ್ನೇ ಹಿಡಿದುಕೊಂಡು ಹೊಗಳಿದ್ದಾರೆ, ತೆಗಳಿದ್ದಾರೆ. ಆದರೆ ಬಾಡಿಗೆಗೆ ಹಣ ಎಲ್ಲಿಂದ ಬಂತು ಎಂಬುದನ್ನು ಶೋಪಿನ್ ಎಷ್ಟು ಎಚ್ಚರಿಕೆಯಿಂದ ಹೇಳಿದ್ದಾಳೆ ನೋಡಿ. ತಾಯಿಯ ಆಸ್ತಿಯಿಂದ ತಂದೆ ಸ್ವಲ್ಪ ಸ್ವಲ್ಪವಾಗಿ ಕಳುಹಿಸುವ ಹಣ ಒಂದು. ಕುದುರೆಯ ಜೂಜಿನಲ್ಲಿ ಗೆದ್ದದ್ದು ಎರಡು. ಚಿತ್ರಗಳನ್ನು ಮಾರಿ ಬಂದದ್ದು ಮೂರು. ಕಾನೂನಿನ ಆ ಕಿಂಡಿಯನ್ನು ಈಗ ನೆನೆಯಬೇಕು. ತಾಯಿಯಿಂದ ಬಂದದ್ದು ಅವಳ ಸ್ತ್ರೀಧನ. ಅದರ ತಂಟೆಗೆ ಗಂಡ ಬರುವಂತಿಲ್ಲ. ಆದರೆ ಅವಳ ಕುಂಚದ ಸಂಪಾದನೆ, ಸಂಹಿತೆಯ ಪ್ರಕಾರ, ಗಂಡನ ಯಜಮಾನಿಕೆಗೆ ಸೇರಿದ್ದು! ಹುಟ್ಟಿನಿಂದ ಬಂದದ್ದು ಅವಳದು, ಕೈಯಿಂದ ದುಡಿದದ್ದು ಅವಳದಲ್ಲ. ಕ್ಲೂಟಿಯರ್‌ವಿಲ್ಲಿನ ಅಂಗಡಿಯ ಲೆಕ್ಕ ಬರೆದ ಕೈಗೆ ಹಣದ ಈ ಮೂಲಗಳ ಬೆಲೆ ಚೆನ್ನಾಗಿ ಗೊತ್ತಿತ್ತು.

ಸುದ್ದಿ ತಿಳಿದ ಲಿಯೋನ್ಸ್ ಓಡಿಬರುವುದಿಲ್ಲ, ಜಗಳವಾಡುವುದೂ ಇಲ್ಲ. ತನ್ನ ವ್ಯಾಪಾರದ ಸ್ಥಿತಿ ಕೆಟ್ಟಿತೆಂದು ಜನ ಆಡಿಕೊಂಡಾರು ಎಂಬುದಷ್ಟೇ ಅವನ ಚಿಂತೆ. ಮನೆಯ ದುರಸ್ತಿಗೆ ಕೆಲಸಗಾರರನ್ನು ಕಳುಹಿಸಿ, ಪಾಂಟೆಲಿಯೇ ದಂಪತಿಗಳು ವಿದೇಶ ಪ್ರವಾಸದ ಯೋಚನೆಯಲ್ಲಿದ್ದಾರೆ, ಅವರ ಭವನ ನವೀಕರಣಗೊಳ್ಳುತ್ತಿದೆ ಎಂದು ಪತ್ರಿಕೆಯಲ್ಲಿ ಹಾಕಿಸುತ್ತಾನೆ. ಹೆಂಡತಿ ಮನೆ ಬಿಟ್ಟದ್ದು ಹೀಗೆ ಮನೆಯ ರಿಪೇರಿಯಾಗಿ ಲೋಕಕ್ಕೆ ತಿಳಿಯುತ್ತದೆ. ಇಬ್ಸನ್ನನ ನಾಟಕದ ನೋರಾ 1879ರಲ್ಲಿ ಬಾಗಿಲು ಬಡಿದು ಹೊರಟಾಗ ಯೂರೋಪೆಲ್ಲ ಕೇಳಿಸಿಕೊಂಡಿತು. ಎಡ್ನಾಳ ಬಾಗಿಲಿನ ಸದ್ದನ್ನು ಗಂಡ ಒಂದು ಪ್ರಕಟಣೆಯಿಂದ ಮುಚ್ಚಿಬಿಟ್ಟ.

ಪ್ರಿಯಕರನಿಂದಲಾದರೂ ಅವಳಿಗೆ ನೆಲೆ ಸಿಕ್ಕಿತೆ? ಗ್ರಾಂಡ್ ಐಲಿನಲ್ಲಿ ಪರಿಚಯವಾಗಿ ಮೆಕ್ಸಿಕೋಕ್ಕೆ ಹೋಗಿ ಬಂದ ರಾಬರ್ಟ್ ಲೆಬ್ರನ್, ಅವಳ ಗಂಡ ಅವಳನ್ನು ಬಿಟ್ಟುಕೊಟ್ಟರೆ ತಾನು ಮದುವೆಯಾಗಬಹುದೆಂದು ಕನಸು ಕಂಡೆನೆನ್ನುತ್ತಾನೆ. ಗಂಡ ಹಾಗೆ ಬಿಟ್ಟುಕೊಟ್ಟರೆ ನಿಮ್ಮಿಬ್ಬರನ್ನೂ ನೋಡಿ ನಕ್ಕುಬಿಟ್ಟೇನು ಎನ್ನುತ್ತಾಳೆ ಎಡ್ನಾ. ಕೊಡುವುದಕ್ಕೆ ತಾನು ಲಿಯೋನ್ಸನ ಸ್ವತ್ತಲ್ಲ. ತನ್ನನ್ನು ಕೊಡುವವಳು ತಾನೇ ಎಂಬುದು ಅವಳ ಉತ್ತರದ ತಾತ್ಪರ್ಯ. ರಾಬರ್ಟನ ಮುಖ ಬಿಳಿಚಿಕೊಳ್ಳುತ್ತದೆ. ಪ್ರೀತಿಸುವವನಿಗೂ ಈ ಭಾಷೆ ತಿಳಿಯದು. ಅರೋಬಿನ್ ಎಂಬ ಇನ್ನೊಬ್ಬ ರಸಿಕನಿಗಂತೂ ಅವಳ ಮನಸ್ಸಿನ ಗೊಡವೆಯೇ ಇಲ್ಲ.

ಅವಳ ಮುಂದೆ ಇಬ್ಬರು ಹೆಂಗಸರ ಮಾದರಿಗಳಿವೆ. ಅಡೆಲ್ ಎಂಬ ಗೆಳತಿ ಚೆಲುವೆ, ಸಂಸಾರದಲ್ಲಿ ಪೂರ್ಣವಾಗಿ ಕರಗಿದವಳು. ಮಕ್ಕಳು, ಹೊಲಿಗೆ, ಗಂಡ, ಇಷ್ಟರಲ್ಲಿಯೇ ಸುಖಿ. ಕುಮಾರಿ ರೈಸ್ ಎಂಬ ಪಿಯಾನೋ ವಿದುಷಿ ಒಂಟಿ, ಒರಟು ಮಾತಿನವಳು, ಕಲೆಯೊಂದನ್ನೇ ನಂಬಿದವಳು. ಕಲಾವಿದೆಯಾಗಬೇಕಾದರೆ ಧೈರ್ಯದ ಆತ್ಮ ಬೇಕೆಂದು ಅವಳು ಎಡ್ನಾಳಿಗೆ ಎಚ್ಚರಿಸುತ್ತಾಳೆ. ರೆಕ್ಕೆಗೆ ಬಲವಿದೆಯೇ ಎಂದು ಎಡ್ನಾಳ ಬೆನ್ನು ಮುಟ್ಟಿ ನೋಡುತ್ತಾಳೆ. ಒಬ್ಬಳಿಗೆ ತಾಯ್ತನವಿದೆ, ತಾನೆಂಬುದಿಲ್ಲ. ಇನ್ನೊಬ್ಬಳಿಗೆ ತಾನೆಂಬುದಿದೆ, ಬೇರೆ ಯಾರೂ ಇಲ್ಲ. ಎಡ್ನಾಳಿಗೆ ಎರಡೂ ಬೇಕು. ಮಕ್ಕಳಿಗಾಗಿ ಪ್ರಾಣ ಕೊಟ್ಟೇನು, ನನ್ನನ್ನೇ ಕೊಡಲಾರೆ ಎಂದು ಅವಳು ಹಿಂದೊಮ್ಮೆ ಅಡೆಲ್‌ಗೆ ಹೇಳಿದ್ದಳು. ಆಗ ಅಡೆಲ್‌ಗೆ ಅದು ಅರ್ಥವಾಗಿರಲಿಲ್ಲ. ಕೊನೆಯಲ್ಲಿ ಹೆರಿಗೆಯ ನೋವಿನಲ್ಲಿದ್ದ ಅಡೆಲ್ ಮಕ್ಕಳನ್ನು ನೆನೆದುಕೋ ಎಂದು ಎಡ್ನಾಳಿಗೆ ಹೇಳುತ್ತಾಳೆ. ಮನೆಗೆ ಬಂದರೆ ರಾಬರ್ಟ್ ಚೀಟಿ ಬರೆದಿಟ್ಟು ಹೊರಟುಹೋಗಿದ್ದಾನೆ. ಎಡ್ನಾ ಒಬ್ಬಳೇ ಗ್ರಾಂಡ್ ಐಲಿಗೆ ಹೋಗಿ, ಕಡಲಿಗೆ ಇಳಿದು, ಹಿಂದಿರುಗಲಾರದಷ್ಟು ದೂರ ಈಜಿಹೋಗುತ್ತಾಳೆ.

ಇದು ಸೋಲೋ ಗೆಲುವೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಗೆಲುವೆಂದು ಹೇಳುವವರ ಉತ್ಸಾಹ ನನಗೆ ಹಿಡಿಸುವುದಿಲ್ಲ; ಸತ್ತವಳು ಏನನ್ನು ಗೆದ್ದಳು? ದೌರ್ಬಲ್ಯವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಮನೆ, ಹಣ, ಕೆಲಸ, ಈ ಮೂರನ್ನೂ ಅವಳು ತನ್ನ ಪ್ರಯತ್ನದಿಂದ ಸಂಪಾದಿಸಿದಳು. ಅವನ್ನು ಇಟ್ಟುಕೊಂಡು ಮಕ್ಕಳ ತಾಯಿಯಾಗಿ ಬಾಳಲು ಬೇಕಾದ ಸ್ಥಾನ ಮಾತ್ರ ಆ ಸಮಾಜದಲ್ಲಿ ಇರಲಿಲ್ಲ. ಕೇಟ್ ಶೋಪಿನ್ ಆರು ಮಕ್ಕಳನ್ನು ಸಾಕಿಕೊಂಡು, ಅವರ ಗಲಾಟೆಯ ನಡುವೆಯೇ ಬರೆದು ಬಾಳಿದಳಲ್ಲ, ನಾಯಿಕೆಗೆ ಏಕೆ ಆ ಬಾಳು ಕೊಡಲಿಲ್ಲ ಎಂದು ಕೇಳಬಹುದು. ಶೋಪಿನ್ ವಿಧವೆ, ಎಡ್ನಾ ಮುತ್ತೈದೆ. ನನಗೆ ಕಾಣುವ ಉತ್ತರ ಇಷ್ಟೆ.

ಈ ಕಾದಂಬರಿಯ ಎಚ್ಚರಕ್ಕೂ ಒಂದು ಎಲ್ಲೆಯಿದೆ ಎಂಬುದನ್ನು ಮರೆಯಬಾರದು. ಎಡ್ನಾಳ ಮಕ್ಕಳನ್ನು ನೋಡಿಕೊಳ್ಳುವ ದಾದಿ ಮಿಶ್ರವರ್ಣದವಳು. ಪುಸ್ತಕದುದ್ದಕ್ಕೂ ಅವಳು ಬಂದುಹೋಗುತ್ತಾಳೆ. ಅವಳಿಗೆ ಹೆಸರೇ ಇಲ್ಲ. ಒಬ್ಬಳ ಬಿಡುವು ಇನ್ನೊಬ್ಬಳ ದುಡಿಮೆಯಿಂದ ಬಂದದ್ದು. ಲೇಖಕಿಯ ಗಂಡ ಆಸ್ಕರ್, ಕರಿಯರ ರಾಜಕೀಯ ಹಕ್ಕುಗಳನ್ನು ಆಯುಧದಿಂದ ಎದುರಿಸಿದ ‘ಬಿಳಿಯರ ಕೂಟ’ಕ್ಕೆ ಸೇರಿದ್ದವನು. ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ರೈಲುಬಂಡಿ ಸರಿಯೆಂದು ಅಮೆರಿಕದ ಸುಪ್ರೀಂ ಕೋರ್ಟು 1896ರಲ್ಲಿ ತೀರ್ಪು ಕೊಟ್ಟದ್ದು ನ್ಯೂ ಆರ್ಲಿಯನ್ಸಿನ ಹೋಮರ್ ಪ್ಲೆಸ್ಸಿ ಎಂಬವನ ಮೊಕದ್ದಮೆಯಲ್ಲಿ. ಲೂಸಿಯಾನದ 1898ರ ಸಂವಿಧಾನ ಕರಿಯರ ಮತವನ್ನು ಉಪಾಯದಿಂದ ಕಿತ್ತುಕೊಂಡಿತು. ಅದೇ ಸಂವಿಧಾನ ಆಸ್ತಿತೆರಿಗೆ ಕೊಡುವ ಹೆಂಗಸರಿಗೆ ತೆರಿಗೆಯ ವಿಷಯದಲ್ಲಿ ಮಾತ್ರ ಮತ ಕೊಟ್ಟಿತು. ಆ ಹಕ್ಕಿನಿಂದ ನ್ಯೂ ಆರ್ಲಿಯನ್ಸಿನ ಹೆಂಗಸರು 1899ರಲ್ಲಿ ನಗರದ ಚರಂಡಿ ಯೋಜನೆಯ ಪರವಾಗಿ ಮತ ಹಾಕಿದರು. ಎಡ್ನಾಳ ಕಥೆ ಅಂಗಡಿಗೆ ಬಂದ ಎರಡು ತಿಂಗಳೊಳಗೆ ನಡೆದ ಸಂಗತಿ ಇದು. ಆಸ್ತಿಯಿದ್ದವಳಿಗೆ ಒಂದು ಚೂರು ಹಕ್ಕು, ಇಲ್ಲದವಳಿಗೆ ಅದೂ ಇಲ್ಲ. ಕಾದಂಬರಿಯೂ ಆ ಗೆರೆಯನ್ನು ದಾಟಲಿಲ್ಲ.

ಪುಸ್ತಕಕ್ಕೆ ಸಿಕ್ಕ ಸ್ವಾಗತ ಕಹಿಯಾದದ್ದು. ಶೈಲಿಯನ್ನು ಹೊಗಳಿದವರೂ ವಸ್ತುವನ್ನು ವಿಷವೆಂದು ಬಗೆದರು. ಆಗ ಇನ್ನೂ ತರುಣಿಯಾಗಿದ್ದ ವಿಲ್ಲಾ ಕೇಥರ್, ಮುಂದೆ ತಾನೇ ದೊಡ್ಡ ಕಾದಂಬರಿಕಾರ್ತಿಯಾದವಳು, ಇದನ್ನು ಫ್ಲೋಬೇರನ ‘ಮದಾಂ ಬೊವಾರಿ’ಗೆ ಹೋಲಿಸಿ, ಇಷ್ಟು ಚೆಲುವಾದ ಬರವಣಿಗೆ ಇಂಥ ವಸ್ತುವಿಗೆ ವ್ಯರ್ಥವಾಯಿತಲ್ಲ ಎಂದು ಮರುಗಿದಳು. ಶೋಪಿನ್ ಪತ್ರಿಕೆಯೊಂದಕ್ಕೆ ವಿನೋದದ ಉತ್ತರ ಬರೆದಳು. ತನ್ನ ಪಾತ್ರ ಹೀಗೆ ಮಾಡೀತೆಂದು ಮೊದಲೇ ತಿಳಿದಿದ್ದರೆ ಹೊರಗೆ ಹಾಕುತ್ತಿದ್ದೆ, ತಿಳಿಯುವಷ್ಟರಲ್ಲಿ ಆಟ ಅರ್ಧ ಮುಗಿದಿತ್ತು ಎಂಬುದು ಅದರ ಸಾರಾಂಶ. ಸೇಂಟ್ ಲೂಯಿಸಿನ ಪುಸ್ತಕಭಂಡಾರ ಈ ಕೃತಿಯನ್ನು ನಿಷೇಧಿಸಿತೆಂಬ ಮಾತು ಬಹುಕಾಲ ಪ್ರಚಾರದಲ್ಲಿತ್ತು. ಅದಕ್ಕೆ ಆಧಾರವಿಲ್ಲವೆಂದು ಸಂಶೋಧಕರು ತೋರಿಸಿದ್ದಾರೆ. ನಿಷೇಧದ ಅವಶ್ಯಕತೆಯೂ ಇರಲಿಲ್ಲ, ಮೌನವೇ ಸಾಕಾಯಿತು. 1900ರಲ್ಲಿ ಅವಳ ಮುಂದಿನ ಕಥಾಸಂಗ್ರಹದ ಹಸ್ತಪ್ರತಿಯನ್ನು ಪ್ರಕಾಶಕರು ಹಿಂದಿರುಗಿಸಿದರು. 1904ರ ಆಗಸ್ಟ್ 22ರಂದು ಆಕೆ ತೀರಿಕೊಂಡಳು. 1932ರಲ್ಲಿ ಒಂದು ಜೀವನಚರಿತ್ರೆ, 1953ರಲ್ಲಿ ಒಂದು ಫ್ರೆಂಚ್ ಅನುವಾದ ಬಂದವು. 1969ರಲ್ಲಿ ಪೆರ್ ಸೇಯರ್ಸ್ಟೆಡ್ ಎಂಬ ನಾರ್ವೆಯ ವಿದ್ವಾಂಸ ಅವಳ ಸಮಗ್ರ ಕೃತಿಗಳನ್ನು ಸಂಪಾದಿಸಿದ ಮೇಲೆ ಲೋಕ ಅವಳ ಕಡೆ ಮತ್ತೆ ತಿರುಗಿತು.

ಕಾನೂನು ಇನ್ನೂ ನಿಧಾನವಾಗಿ ನಡೆಯಿತು. ಅಮೆರಿಕದ ಹೆಂಗಸರಿಗೆ 1920ರಲ್ಲಿ ಮತದ ಹಕ್ಕು ಬಂತು. ಆ ತಿದ್ದುಪಡಿಗೆ ಲೂಸಿಯಾನ ತನ್ನ ಅನುಮೋದನೆ ಕೊಟ್ಟದ್ದು 1970ರಲ್ಲಿ. ದಂಪತಿಗಳ ಆಸ್ತಿಗೆ ಗಂಡನೇ ಯಜಮಾನನೆಂಬ ನಿಯಮ 1980ರ ಆರಂಭದವರೆಗೂ ಅಲ್ಲಿ ನಡೆದುಬಂತು. ಹೆಂಡತಿಯ ಒಪ್ಪಿಗೆಯಿಲ್ಲದೆ ಮನೆಯನ್ನು ಅಡವಿಟ್ಟ ಗಂಡನೊಬ್ಬನ ಪ್ರಕರಣದಲ್ಲಿ 1981ರಲ್ಲಿ ಸುಪ್ರೀಂ ಕೋರ್ಟು ಆ ನಿಯಮ ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ನಮ್ಮಲ್ಲಿ ಹಿಂದೂ ಸ್ತ್ರೀಗೆ ತನ್ನ ಸ್ವತ್ತಿನ ಪೂರ್ಣ ಒಡೆತನವನ್ನು 1956ರ ಉತ್ತರಾಧಿಕಾರ ಕಾಯಿದೆಯೇ ಕೊಟ್ಟಿತ್ತೆಂಬುದನ್ನು ಇಲ್ಲಿ ನೆನೆಯಬಹುದು.

ಈಗ ನಮ್ಮ ಇಂದಿರಾಬಾಯಿಯ ಕಡೆಗೆ ನೋಡೋಣ. 1856ರ ಕಾಯಿದೆ ವಿಧವೆಗೆ ಮರುಮದುವೆಯ ಅನುಮತಿ ಕೊಟ್ಟಿತ್ತು; ಮರುಮದುವೆಯಾದವಳಿಗೆ ಮೊದಲ ಗಂಡನ ಆಸ್ತಿಯ ಮೇಲಿನ ಹಕ್ಕು ಹೋಗುವುದೆಂದೂ ಹೇಳಿತ್ತು. ಅಂಥ ಕಾಲದಲ್ಲಿ ಮನೆಯ ಹೊಸ್ತಿಲು ದಾಟಿ, ಅಕ್ಷರ ಕಲಿತು, ಇನ್ನೊಮ್ಮೆ ಬಾಳಲು ಹೊರಟ ವಿಧವೆಗೆ ಮದುವೆಯೇ ಬಿಡುಗಡೆಯಾಗಿ ಕಂಡದ್ದು ಸಹಜ. ವೆಂಕಟರಾಯರು ಅಲ್ಲಿಗೆ ಕಥೆಯನ್ನು ನಿಲ್ಲಿಸಿದರು. ಅಷ್ಟು ದೂರ ಬಂದದ್ದೇ ಸಾಹಸ. ಅವರ ನಾಯಿಕೆ ಗಂಡನ ಮನೆ ಸೇರಿ ಹತ್ತು ವರ್ಷವಾದ ಮೇಲೆ, ಮಧ್ಯಾಹ್ನದ ಬಿಡುವಿನಲ್ಲಿ, ಈ ಮನೆಯಲ್ಲಿ ನನ್ನದೆಂಬುದು ಯಾವುದು ಎಂದು ಕೇಳಿಕೊಂಡಿದ್ದರೆ? ಕನ್ನಡದಲ್ಲಿ ಆ ಪ್ರಶ್ನೆಗೆ ಇನ್ನೂ ಬಹಳ ವರ್ಷ ಕಾಯಬೇಕಾಯಿತು. ಅದನ್ನು ಗಟ್ಟಿಯಾಗಿ ಕೇಳಿದವರೂ ಹೆಚ್ಚಾಗಿ ಲೇಖಕಿಯರೇ.

ಈ ಎರಡು ಕೃತಿಗಳನ್ನು ಜೊತೆಯಾಗಿ ಓದಿದವನಿಗೆ ಒಂದು ಮಾತು ಸ್ಪಷ್ಟವಾಗುತ್ತದೆ. ಒಂದು ನಾಡು ವಿಧವೆಯನ್ನು ಕಟ್ಟಿಹಾಕಿತು, ಇನ್ನೊಂದು ಮುತ್ತೈದೆಯನ್ನು. ಎರಡೂ ಕಡೆ ಹೆಣ್ಣು ಯಾರವಳು ಎಂಬುದನ್ನು ಗಂಡಸು ಇದ್ದಾನೆಯೇ ಇಲ್ಲವೇ ಎಂಬುದರಿಂದಲೇ ಅಳೆದರು. ಎಡ್ನಾ ಆ ಅಳತೆಗೋಲನ್ನು ಬೇಡವೆಂದಳು. ನಮ್ಮ ಹೆಣ್ಣುಮಕ್ಕಳು ಈಗ ದುಡಿಯುತ್ತಾರೆ, ತಮ್ಮ ಹೆಸರಿನಲ್ಲಿ ಬ್ಯಾಂಕಿನ ಪುಸ್ತಕ ಇಟ್ಟುಕೊಂಡಿದ್ದಾರೆ. ಆದರೂ ಸಂಬಳದ ದಿನ ಆ ಹಣದ ಮೇಲೆ ಯಾರ ಮಾತು ನಡೆಯುತ್ತದೆ ಎಂದು ಅನೇಕ ಮನೆಗಳಲ್ಲಿ ಕೇಳಿ ನೋಡಬೇಕು. ಎಡ್ನಾಳ ಪಾರಿವಾಳದ ಗೂಡಿಗೆ ನಾಲ್ಕೇ ಕೋಣೆ. ಅವುಗಳ ಬಾಡಿಗೆಯನ್ನು ಅವಳೇ ಕೊಟ್ಟಳು. ಕಡಲಿನ ಚಿತ್ರಕ್ಕಿಂತ ಈ ಸಣ್ಣ ಮನೆಯ ಚಿತ್ರವೇ ಓದುಗರ ನೆನಪಿನಲ್ಲಿ ಉಳಿಯಲಿ ಎಂಬುದು ನನ್ನ ಅಪೇಕ್ಷೆ.